ಎರಡು ಅಂಕದ ಪ್ರಶ್ನೆ

ಒಂಬತ್ತನೆಯ ತರಗತಿ, ಊಟದ ನಂತರದ ಅವಧಿ.
ಪಾಠ: ಮತ ಸುಧಾರಣೆ.
ಕಿಟಕಿಯಾಚೆ ಕಾರವಾರದ ಹೆದ್ದಾರಿ,
ಅದರಾಚೆ ಮುಳ್ಳುತಂತಿ ಹೊತ್ತ ನೌಕಾನೆಲೆಯ ಗೋಡೆ,
ಗೋಡೆಯಾಚೆ ಸಮುದ್ರ ಇದೆಯೆಂದು
ನಾವು ನಂಬಿದ್ದೇವೆ.
ಗಾಳಿ ತಿರುಗಿದ ದಿನ ಸದ್ದು ಸಾಕ್ಷಿ ಹೇಳುತ್ತದೆ.

ಜರ್ಮನಿಯ ಒಬ್ಬ ಸನ್ಯಾಸಿ, ಎಂದೆ,
ಐನೂರು ವರ್ಷದ ಹಿಂದೆ
ಇಗರ್ಜಿಯ ಬಾಗಿಲಿಗೆ ಕಾಗದ ಹೊಡೆದ.
ತೊಂಬತ್ತೈದು ಮಾತು;
ಪಾಪಕ್ಕೆ ಚೀಟಿ ಮಾರಬೇಡಿ ಎಂಬುದು ಸಾರ.
ಮೊಳೆಯೋ, ಅಂಟೋ, ಹೊಡೆದದ್ದೇ ಸುಳ್ಳೋ,
ಪಂಡಿತರ ಜಗಳ ಇನ್ನೂ ಮುಗಿದಿಲ್ಲ.
ಪರೀಕ್ಷೆಗೆ ಮಾತ್ರ ಮೊಳೆ ಎಂದೇ ಬರೆಯಿರಿ.

‘ಅಕ್ಕೋರೇ, ಅಂವ ನಮ್ಮವನಾ, ನಿಮ್ಮವನಾ?’
ಬೆನಿತಾ ಲೋಪಿಸ್ ಕೇಳಿದಳು.
ಮೊದಲು ನಿಮ್ಮವ, ಆಮೇಲೆ ನಮ್ಮವ, ಎಂದೆ.
ತರಗತಿ ನಕ್ಕಿತು, ಯಾಕೆಂದು ಅರ್ಧಕ್ಕರ್ಧ ತಿಳಿಯದೆ.

ಹಲಗೆಯ ಮೇಲೆ ಮೂರು ಮನೆ ಗೀಟಿದೆ:
ಧಾರ್ಮಿಕ, ಸಾಂಸ್ಕೃತಿಕ, ರಾಜಕೀಯ.

ಮೊದಲನೆಯದರಲ್ಲಿ ಬರೆಯದೆ ಬಿಟ್ಟದ್ದು:
ಶರಾವತಿ ಅಳಿವೆಯಲ್ಲಿ ಹುಟ್ಟು ಹಾಕುತ್ತಿದ್ದ ಮುತ್ತಜ್ಜ ಯೋಬ,
ಹೊನ್ನಾವರದ ಮಿಶನ್ ಜಗಲಿಯಲ್ಲಿ
ನಲವತ್ತರ ಹರೆಯಕ್ಕೆ ಅ ಆ ತಿದ್ದಿದ.
ದೇವರ ಹತ್ತಿರ ನೇರ ಮಾತಾಡಬಹುದು,
ನಡುವೆ ಯಾರೂ ಬೇಡ ಎಂದಿದ್ದರಂತೆ.
ದೇವರು ಏನಂದನೋ, ಅಜ್ಜ ಹೇಳಿಲ್ಲ.
ಆದರೆ ಸಾಹುಕಾರನ ಕಡತ ಬಿಡಿಸಿ ಓದಿದ:
ತಾನು ಒಯ್ದ ಮೂರು ಮೂಟೆ ಉಪ್ಪು
ಅಲ್ಲಿ ಹದಿಮೂರಾಗಿ ಕೂತಿತ್ತು.

ಎರಡನೆಯದರಲ್ಲಿ: ಮುತ್ತಜ್ಜಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದಳು,
ಗಂಡಸರ ಸರಿಸಮ ಬೆಂಚಿನಲ್ಲಿ ಕೂತು
ಗಂಟಲು ಬಿಚ್ಚಿ ಹಾಡಿದಳು.
ಅದೇ ವರ್ಷ ಗುಮಟೆ ಅಟ್ಟ ಸೇರಿತು.
ಉಡದ ಚರ್ಮ ಒಣಗಿ ಬಿರಿದದ್ದು
ಒಂದು ರಾತ್ರಿ ಮನೆಗೆಲ್ಲ ಕೇಳಿಸಿತಂತೆ.
ಲಾಭ ನಷ್ಟ ಎರಡನ್ನೂ ಬರೆಯಲು
ಚೌಕ ಸಣ್ಣದು.

ಮೂರನೆಯ ಮನೆಗೆ ಸುಣ್ಣದ ಕಡ್ಡಿ ಎತ್ತಿದ್ದೆ.
ಉದೇಶ ಹರಿಕಂತ್ರ ಎದ್ದು ನಿಂತ, ಕಾಲನಿಯ ಹುಡುಗ.
‘ಬಾಗ್ಲ ಒಳಗಿದ್ದವ್ರು ಅದ್ನ ಓದಿದ್ರಾ ಅಕ್ಕೋರೇ?
ನಮ್ಮಜ್ಜನೂ ಅಂಟ್ಸಿದ್ನಂತೆ,
ತಾಸೀಲ್ದಾರ ಕಚೇರಿಗೆ. ಯಾರೂ ಓದ್ಲಿಲ್ಲ.’

ಓದಿದರು, ಎಂದೆ. ರಾಜರು ಓದಿದರು,
ತಮಗೆ ಬೇಕಾದಷ್ಟು.
ಅದೇ ಪುಸ್ತಕ ಎದೆಗವಚಿ ರೈತರು ದಂಗೆಯೆದ್ದಾಗ
ಸನ್ಯಾಸಿ ದೊರೆಗಳ ಕಡೆಗೇ ನಿಂತ.
ಇದು ನಿಮ್ಮ ಪಾಠದಲ್ಲಿಲ್ಲ.

ಅಷ್ಟೇ ಹೇಳಿದ್ದು.
ಹೇಳದ್ದು ಇದು: ನೋಟೀಸು ಬಂದ ವರ್ಷ ನನಗೆ ಹದಿನಾರು.
ಅಪ್ಪ ಸಭಾಪಾಲಕ. ದಾರಿಗೆ ಮುಖ ಮಾಡಿದ
ದೊಡ್ಡ ಬಾಗಿಲು ಊರಿಗೆಲ್ಲ ನಮ್ಮ ಗುಡಿಯದ್ದೊಂದೇ.
ಹರಿಕಂತ್ರರು, ಹಾಲಕ್ಕಿಯವರು, ಲೋಪಿಸರು,
ಎಲ್ಲರ ಹೆಸರಿನ ಉದ್ದನೆಯ ಕಾಗದ ಹಿಡಿದು
ಬೆಳಗಾಗುವ ಮುಂಚೆ ಬಂದರು.
ಮೈದಾ ಗೋಂದು ಕಾಸಿದವಳು ನಾನು.
ಅಪ್ಪ ಹೊಸ್ತಿಲಲ್ಲಿ ಅಡ್ಡ ನಿಂತು, ಪುಸ್ತಕ ತೆರೆದು,
ಅಧಿಕಾರಕ್ಕೆ ತಲೆಬಾಗು ಎಂಬ ಜಾಗ ಹುಡುಕಿದರು.
ಕನ್ನಡಕ ಮರೆತಿದ್ದರು; ಬಾಯಿಪಾಠದಿಂದಲೇ ಹೇಳಿದರು.
ಅವರ ಕೈ ನಡುಗುತ್ತಿತ್ತು.
ಅದನ್ನು ಅವತ್ತು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಗೋಂದು ಪಾತ್ರೆಯಲ್ಲೇ ಗಟ್ಟಿಯಾಯಿತು.
ಅವ್ವ ಕಲ್ಲಿನಿಂದ ಕೆರೆದಳು.

ಮೂರು ವರ್ಷಕ್ಕೆ ಗುಡಿಯೂ ಗೋಡೆಯ ಒಳಗಾಯಿತು.
ಅಪ್ಪ ಬಾಗಿಲೊಂದನ್ನು ಕಳಚಿ, ಲಾರಿಗೆ ಹೇರಿ,
ಕಾಲನಿಯ ಮನೆಗೆ ತಂದು ಒರಗಿಸಿದರು.
ಯಾವ ಚೌಕಟ್ಟಿಗೂ ಅದು ಹೊಂದಲಿಲ್ಲ.
ಈಗಲೂ ಹಿತ್ತಿಲಲ್ಲಿದೆ, ಬಂಗಡೆ ಒಣಗಿಸುತ್ತೇವೆ.
ಹಲಸಿನ ಹಲಗೆ, ಒಂದೂ ಮೊಳೆಯ ತೂತಿಲ್ಲ.

ಗಂಟೆ ಹೊಡೆಯಿತು.
‘ಮೂರನೇದಕ್ಕೆ ಎಂತ ಬರೂದು ಅಕ್ಕೋರೇ?’
ಪುಸ್ತಕದಲ್ಲಿದ್ದದ್ದನ್ನೇ ಬರೆ, ಎಂದೆ,
ಎರಡಂಕ ಸಿಗುತ್ತದೆ.
ಅಪ್ಪನ ದನಿ. ಅದೇ ಏರು, ಅದೇ ಇಳಿವು.

ಉದೇಶ ಬರೆಯಲಿಲ್ಲ.
ಪೆನ್ನಿನ ಟೊಪ್ಪಿ ಕಚ್ಚುತ್ತ
ಗೋಡೆಯ ಕಡೆ ಕಿವಿಗೊಟ್ಟು ಕೂತಿದ್ದ.